ನಲ್ಲಿ ತೊಟ್ಟಿಕ್ತಿದೆ, ನಾನೇ ಬಿಚ್ಚಬಹುದಾ?

ಪ್ರಶ್ನೆ: ಸಾರ್, ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೇಲಿದೀವಿ. ಬಾತ್‌ರೂಮಿನ ನಲ್ಲಿ ಎಷ್ಟು ಟೈಟ್ ಮಾಡಿದ್ರೂ ತೊಟ್ಟಿಕ್ತಾನೇ ಇರತ್ತೆ, ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಯಾರೂ ಬರಲ್ಲ. ನಾನು ಇವತ್ತಿನವರೆಗೂ ಸ್ಪ್ಯಾನರ್ ಹಿಡಿದೋಳಲ್ಲ. ಮನೆ ರಿಪೇರಿ ಕಲೀಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಈ ನಲ್ಲಿಯಿಂದಾನೇ ಶುರು ಮಾಡಿ ಮೇಡಂ, ಕಲಿಯೋರಿಗೆ ಇದಕ್ಕಿಂತ ಒಳ್ಳೆ ಕೆಲಸ ಸಿಗಲ್ಲ. ನಮ್ಮೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ಮೇಲೇರಿ ಬರತ್ತೆ, ಅದು ರಾತ್ರಿಯೆಲ್ಲ ಮೋರಿಗೆ ಹೋಗೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ.

ಆದ್ರೆ ಮೊದಲು ಟೆರೇಸ್‌ಗೆ ಹೋಗಿ, ಟ್ಯಾಂಕಿಂದ ನಿಮ್ಮ ಮನೆಗೆ ಬರೋ ಪೈಪ್‌ನ ಗೇಟ್ ವಾಲ್ವ್ (ನೀರು ನಿಲ್ಲಿಸೋ ತಿರುಗಣೆ) ಯಾವುದು ಅಂತ ಓನರ್ ಹತ್ರ ಕೇಳಿ ತಿಳ್ಕೊಳಿ. ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ಜಾಮ್ ಆಗಿರತ್ತೆ, ಜೋರು ಮಾಡ್ಬೇಡಿ, ಮುರಿದ್ರೆ ಇಡೀ ಟ್ಯಾಂಕ್ ಖಾಲಿ. ಆ ವಾಲ್ವ್ ತಿರುಗಿಸಿ ನೀರು ನಿಂತ್ರೆ ಮಾತ್ರ ಮುಂದಿನ ಕೆಲಸ.

ಈಗ ನಲ್ಲಿ ಎಷ್ಟು ಸುತ್ತು ತಿರುಗತ್ತೆ ನೋಡಿ. ಎರಡು ಮೂರು ಸುತ್ತು ಅಂದ್ರೆ ಒಳಗೆ ರಬ್ಬರ್ ವಾಷರ್ ಸವೆದಿದೆ, ಕೆಲವೇ ರೂಪಾಯಿ ಖರ್ಚು. ಕಾಲು ಇಲ್ಲ ಅರ್ಧ ಸುತ್ತಿಗೇ ನಿಂತ್ರೆ ಸೆರಾಮಿಕ್ ಡಿಸ್ಕ್ ಇರೋ ಸ್ಪಿಂಡಲ್ (ಹಿಡಿ ಜೊತೆ ತಿರುಗೋ ಒಳಗಿನ ಭಾಗ), ಅದನ್ನ ಪೂರ್ತಿ ಬದಲಾಯಿಸ್ಬೇಕು. ಬೋರ್ ನೀರು ಬರೋ ಮನೆಗಳಲ್ಲಿ ಎರಡೂ ಬೇಗ ಹಾಳಾಗತ್ತೆ, ಬಿಳಿ ಉಪ್ಪು ಕಟ್ಕೊಂಡು ಕೂತಿರತ್ತಲ್ಲ ಅದರಿಂದ.

ವಾಲ್ವ್ ನಿಲ್ಲಿಸಿ, ನಲ್ಲಿ ತಿರುಗಿಸಿ ಪೈಪ್‌ನಲ್ಲಿರೋ ನೀರು ಬಿಟ್ಬಿಡಿ, ಕೆಳಗಿನ ಜಾಲರಿ ಮೇಲೆ ಬಟ್ಟೆ ಹಾಸಿ (ಸ್ಕ್ರೂ ಒಳಗೆ ಬಿದ್ರೆ ಮತ್ತೆ ಸಿಗಲ್ಲ), ಹಿಡಿ ಬಿಚ್ಚಿ, ಅದರಡಿ ಇರೋ ನಟ್‌ನ ಅಡ್ಜಸ್ಟಬಲ್ ಸ್ಪ್ಯಾನರ್‌ನಲ್ಲಿ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿದ್ರೆ ಸ್ಪಿಂಡಲ್ ಈಚೆ ಬರತ್ತೆ. ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಒಂದು ಕಂಪ್ನಿದು ಇನ್ನೊಂದಕ್ಕೆ ಕೂರಲ್ಲ. ಒಳಗಿನ ಉಪ್ಪು ಒರೆಸಿ ಹೊಸದು ಹಾಕಿ, ವಾಲ್ವ್ ನಿಧಾನಕ್ಕೆ ಬಿಡಿ.

ಒಂದು ಮಾತ್ರ ಖಂಡಿತ ಬೇಡ: ಇಡೀ ನಲ್ಲೀನ ಗೋಡೆಯಿಂದ ತಿರುಗಿಸಿ ಕೀಳೋದು. ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ (ಪೈಪ್ ತಿರುವು) ಸೀಳಿದ್ರೆ ಟೈಲ್ಸ್ ಒಡೀಬೇಕಾಗತ್ತೆ. ಹೊಸ ವಾಷರ್ ಹಾಕಿದ್ಮೇಲೂ ಸೋರಿದ್ರೆ ವಾಷರ್ ಕೂರೋ ಹಿತ್ತಾಳೆ ಸೀಟ್ ತಿಂದುಹೋಗಿದೆ ಅಂತ ಅರ್ಥ, ಆಗ ನಲ್ಲಿ ಬದಲಾಯಿಸೋಕೆ ಪ್ಲಂಬರೇ ಬರ್ಲಿ, ಓನರ್‌ಗೂ ಹೇಳಿ.

ಸಾಮಾನು ರಾಶಿ ಬೇಡ. ಒಂದು ಸ್ಪ್ಯಾನರ್, ಎರಡು ಥರ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಫ್ಲಾನ್ ಟೇಪ್ ಸಾಕು. ಗೀಸರ್ ವೈರಿಂಗ್, ಸ್ವಿಚ್ ಬೋರ್ಡ್ ಸದ್ಯಕ್ಕೆ ಮುಟ್ಟಲೇಬೇಡಿ. ಮುಂದಿನ ಭಾನುವಾರ ಅಡುಗೆಮನೆ ನಲ್ಲಿ ತುದೀಲಿರೋ ಜಾಲರಿ ಬಿಚ್ಚಿ ರಾತ್ರಿಯೆಲ್ಲ ನಿಂಬೆರಸದಲ್ಲಿ ನೆನೆಹಾಕಿ ನೋಡಿ, ಉಪ್ಪು ಕರಗಿ ನೀರು ಮತ್ತೆ ಚೆನ್ನಾಗಿ ಬರತ್ತೆ.