ಹಂದಿ ಪಕ್ಕೆಲುಬಿಗೆ ಹೊಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದವರು ಮಾಡುವ ಸ್ಪೇರ್ ರಿಬ್ಸ್ ಮನೆಯಲ್ಲೇ ಮಾಡಬೇಕೆಂದಿದ್ದೇವೆ. ಅಂಗಡಿಯಲ್ಲಿ ಏನೆಂದು ಕೇಳಬೇಕು? ಮಸಾಲೆ ಏನು ಹಚ್ಚಬೇಕು?
– ಸೋಮವಾರಪೇಟೆಯ ಓದುಗರು

ಉತ್ತರ: ಮಚ್ಚು ಎತ್ತುವ ಮೊದಲೇ ಹೇಳಿಬಿಡಿ. ಪಕ್ಕೆಲುಬು ಎಂದರೆ ಸಾರಿನ ತುಂಡು ಎಂದೇ ನಮ್ಮ ಅಂಗಡಿಯವರ ಲೆಕ್ಕ. ಹೊಟ್ಟೆಯ ಬದಿಯ ಎಲುಬುಗಳನ್ನು ಕಡಿಯದೆ ಇಡೀ ಹಲಗೆಯಾಗಿ, ಚರ್ಮವನ್ನೂ ಅದರಡಿಯ ದಪ್ಪ ಕೊಬ್ಬನ್ನೂ ತೆಗೆದು ಕೊಡಲು ಹೇಳಿ. ಎಲುಬಿನ ಮೇಲೆ ಒಂದು ಬೆರಳಿನಷ್ಟಾದರೂ ಮಾಂಸ ಉಳಿದಿರಬೇಕು. ಬೆನ್ನಿನ ಬದಿಯ ಗಿಡ್ಡ, ಬಾಗಿದ ಎಲುಬು ಬೇರೆ. ಅದು ಬೇಬಿ ಬ್ಯಾಕ್, ಬೇಗ ಬೇಯುತ್ತದೆ. ಸ್ಪೇರ್ ರಿಬ್ಸ್‌ನಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಹೊಗೆಗೆ ಇದೇ ಲೇಸು. ಎದೆಮೂಳೆ ಮತ್ತು ಮೆತ್ತನೆಯ ಮೂಳೆಯ ಪಟ್ಟಿಯನ್ನು ಕತ್ತರಿಸಿ ಅಂಚು ನೇರ ಮಾಡಿದರೆ ಅದೇ ಸೇಂಟ್ ಲೂಯಿಸ್ ಕಟ್. ಕತ್ತರಿಸಿದ್ದು ಪಂದಿ ಕರಿಗೆ ಆಗುತ್ತದೆ. ಮಾಂಸದೊಳಗೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಮಾತ್ರ ತರಲೇಬೇಡಿ, ಅವು ಲಾಡಿಹುಳುವಿನವು.

ಹಲಗೆಯ ಒಳಮೈಗೆ ತೆಳ್ಳನೆಯ, ಹೊಳೆಯುವ ಪೊರೆ ಅಂಟಿರುತ್ತದೆ. ಅದು ಎಷ್ಟು ಬೇಯಿಸಿದರೂ ರಬ್ಬರಿನಂತೆಯೇ ಉಳಿಯುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ನಡುವಿನ ಒಂದು ಎಲುಬಿನ ಮೇಲೆ ಚಮಚದ ಹಿಡಿ ತೂರಿಸಿ ಎಬ್ಬಿಸಿ, ಒಣಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಜಾರುತ್ತದೆ.

ಒಂದೂವರೆ ಕಿಲೋ ಹಲಗೆಗೆ ಪುಡಿ ಉಪ್ಪು 2 ಟೀ ಚಮಚ, ಬೆಲ್ಲದ ಪುಡಿ 2 ದೊಡ್ಡ ಚಮಚ, ಬ್ಯಾಡಗಿ ಮೆಣಸಿನ ಪುಡಿ 1 ದೊಡ್ಡ ಚಮಚ, ಕಾಳುಮೆಣಸು, ಸಾಸಿವೆ, ಒಣ ಬೆಳ್ಳುಳ್ಳಿ ಪುಡಿ ತಲಾ 1 ಟೀ ಚಮಚ. ಅಲ್ಲಿಯವರು ಪ್ಯಾಪ್ರಿಕಾ ಹಾಕುವುದು ಬಣ್ಣಕ್ಕೆ. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಬ್ಯಾಡಗಿ ಆ ಕೆಲಸ ಮಾಡುತ್ತದೆ. ಉಪ್ಪನ್ನು ಹಿಂದಿನ ರಾತ್ರಿಯೇ ಹಚ್ಚಿ ಫ್ರಿಜ್ಜಿನಲ್ಲಿಡಿ, ಉಳಿದದ್ದನ್ನು ಬೆಂಕಿಗೆ ಇಡುವ ಮುಂಚೆ ಹಚ್ಚಿ.

ಪ್ರಶ್ನೆ: ಮುಚ್ಚಳವಿರುವ ಕೆಟಲ್ ಗ್ರಿಲ್ ಇದೆ. ಮಾಡಿದಾಗಲೆಲ್ಲ ಮಾಂಸ ಕಹಿ, ತಿಂದರೆ ನಾಲಿಗೆ ಮರಗಟ್ಟುತ್ತದೆ. ಸೌದೆಯನ್ನು ನೀರಿನಲ್ಲಿ ನೆನೆಸಿಯೇ ಹಾಕುತ್ತೇನೆ.
– ಬೆಂಗಳೂರಿನ ಓದುಗರು

ಉತ್ತರ: ನೆನೆಸುವುದನ್ನು ಇಂದೇ ಬಿಡಿ. ಗಟ್ಟಿ ಕಟ್ಟಿಗೆಯ ಒಳಕ್ಕೆ ನೀರು ಇಳಿಯುವುದೇ ಇಲ್ಲ, ಮೇಲ್ಪದರ ಮಾತ್ರ ಒದ್ದೆಯಾಗಿ ಕೆಂಡವನ್ನು ತಣಿಸುತ್ತದೆ. ತಣಿದ ಕೆಂಡದ ಮೇಲೆ ಸೌದೆ ಉರಿಯದೆ ಕನಲುತ್ತದೆ, ದಟ್ಟ ಬಿಳಿ ಹೊಗೆ ಎದ್ದು ಅದರಲ್ಲಿನ ಡಾಂಬರಿನಂಥ ಜಿಡ್ಡು ಮಾಂಸದ ಮೇಲೆ ಕೂರುತ್ತದೆ. ನಿಮ್ಮ ಕಹಿ ಅದೇ. ಸರಿಯಾದ ಹೊಗೆ ತೆಳ್ಳಗೆ, ನೀಲಿಯಾಗಿ, ಕಂಡೂ ಕಾಣದಂತಿರುತ್ತದೆ.

ಗ್ರಿಲ್‌ನ ಒಂದು ಬದಿಗೆ ಹೊತ್ತಿಸದ ಇದ್ದಿಲು ಒಂದೂವರೆ ಕಿಲೋ ಗುಡ್ಡೆ ಹಾಕಿ. ತೆಂಗಿನ ಚಿಪ್ಪಿನ ಇದ್ದಿಲಾದರೂ ಸರಿ. ಹತ್ತು ಹನ್ನೆರಡು ತುಂಡುಗಳನ್ನು ಬೇರೆಡೆ ಬೂದಿ ಕಟ್ಟುವಷ್ಟು ಕೆಂಡ ಮಾಡಿ ಗುಡ್ಡೆಯ ಮೇಲಿಡಿ. ಬೆಂಕಿ ನಿಧಾನ ಕೆಳಗಿಳಿಯುತ್ತದೆ. ಇನ್ನೊಂದು ಬದಿಗೆ ತಟ್ಟೆಯಲ್ಲಿ ಒಂದು ಲೀಟರ್ ನೀರು, ಅದರ ಮೇಲಿನ ಜಾಲರಿಯಲ್ಲಿ ಎಲುಬು ಕೆಳಗಾಗಿ ಮಾಂಸ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರಲಿ, ಅದು ಪೂರ್ತಿ ತೆರೆದೇ ಇರಲಿ. ಹೊಗೆ ಉಳಿಸುವ ಆಸೆಗೆ ಅದನ್ನು ಮುಚ್ಚುವವರೇ ಬಹಳ, ಆದರೆ ಹೊಗೆ ಒಳಗೆ ಸಿಕ್ಕಿಬಿದ್ದರೆ ಮತ್ತೆ ಕಹಿ. ಕಾವನ್ನು ಹೆಚ್ಚು ಕಡಿಮೆ ಮಾಡಬೇಕಾದದ್ದು ಕೆಳಗಿನ ಕಿಂಡಿಯಿಂದ. ಕಾಲುಭಾಗ ತೆರೆದು ಶುರುಮಾಡಿ. 110ರಿಂದ 120 ಡಿಗ್ರಿ ಸೆಲ್ಸಿಯಸ್ ಗುರಿ. ಮುಚ್ಚಳದ ಮೇಲಿನ ಮೀಟರನ್ನು ನಂಬಬೇಡಿ. ಥರ್ಮಾಮೀಟರಿನ ಕಡ್ಡಿ ಜಾಲರಿಯ ಮಟ್ಟದಲ್ಲಿ, ಮಾಂಸದ ಪಕ್ಕದಲ್ಲಿರಬೇಕು.

ಸೌದೆ ಮುಷ್ಟಿ ಗಾತ್ರದ ಮೂರು ನಾಲ್ಕು ತುಂಡು ಸಾಕು. ಅಮೆರಿಕದಲ್ಲಿ ಹಿಕರಿ, ಓಕ್, ಸೇಬಿನ ಮರ ಬಳಸುತ್ತಾರೆ. ಇಲ್ಲಿ ಚೆನ್ನಾಗಿ ಒಣಗಿದ ಸೀಬೆ, ಕಾಫಿ ಗಿಡದ ಕಟ್ಟಿಗೆ ಒಳ್ಳೆಯವು. ನೀಲಗಿರಿ, ಪೈನ್, ಬಣ್ಣ ಬಳಿದ ಮರ, ಪ್ಲೈವುಡ್ ಬೇಡವೇ ಬೇಡ. ಕಣಗಿಲೆಯಂತೂ ವಿಷ, ಹತ್ತಿರ ಸೇರಿಸಬೇಡಿ.

ಪ್ರಶ್ನೆ: 3-2-1 ಲೆಕ್ಕದಲ್ಲೇ ಮಾಡಿದೆ: ಮೂರು ಗಂಟೆ ಹೊಗೆ, ಎರಡು ಗಂಟೆ ಫಾಯಿಲ್, ಒಂದು ಗಂಟೆ ಮತ್ತೆ ಬಿಚ್ಚಿ. ಎಲುಬು ಎತ್ತಿದರೆ ಮಾಂಸ ತಟ್ಟೆಯಲ್ಲೇ ಉಳಿಯುತ್ತದೆ. ಗೆಳೆಯರು ಹೊಗಳಿದರು. ನಿಜಕ್ಕೂ ಸರಿಯೇ?
– ಡಲ್ಲಾಸ್‌ನ ಕನ್ನಡತಿ

ಉತ್ತರ: ಸ್ವಲ್ಪ ಹೆಚ್ಚೇ ಬೆಂದಿದೆ. ಅಲ್ಲಿನ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಕಚ್ಚಿದಷ್ಟು ಮಾತ್ರ ಬಿಟ್ಟು ಬರಬೇಕು, ಉಳಿದದ್ದು ಎಲುಬಿಗೆ ಹಿಡಿದಿರಬೇಕು. ಗೆಳೆಯರಿಗೆ ಹಿಡಿಸಿದರೆ ಅವರ ಜೊತೆ ವಾದ ಬೇಡ. 3-2-1 ಹುಟ್ಟಿದ್ದು ದಪ್ಪ ಹಲಗೆಗೆ, 107 ಡಿಗ್ರಿಯ ಬೆಂಕಿಗೆ. ಫಾಯಿಲ್‌ನೊಳಗೆ ಅದು ಹಬೆಯಲ್ಲಿ ಬೇಯುವುದರಿಂದ ಎರಡು ಗಂಟೆ ಅತಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ನಮ್ಮೂರಿನ ಒಂದು ಕಿಲೋದ ತೆಳು ಹಲಗೆ 120 ಡಿಗ್ರಿಯಲ್ಲಿ ನಾಲ್ಕು ಗಂಟೆಗೇ ಆಗಿಬಿಡಬಹುದು.

ನಡುವೆ 65–75 ಡಿಗ್ರಿಯ ಆಸುಪಾಸಿನಲ್ಲಿ ಮಾಂಸದ ಕಾವು ನಿಂತುಬಿಡುತ್ತದೆ. ಬೆವರಿದ ಮೈ ತಣ್ಣಗಾಗುವ ಹಾಗೆ, ಮೇಲ್ಮೈಯ ನೀರು ಆವಿಯಾಗುತ್ತ ಬೆಂಕಿಯ ಶಾಖವನ್ನೆಲ್ಲ ನುಂಗುತ್ತದೆ. ಗಾಬರಿಯಾಗಿ ಬೆಂಕಿ ಜೋರು ಮಾಡಿದರೆ ಹೊರಗೆ ಸೀದು ಒಳಗೆ ನಾರು. ಹೊರಗೆ ಕಡುಗೆಂಪು ಬಂದ ಮೇಲೆ ಫಾಯಿಲ್ ಸುತ್ತಿದರೆ ಆವಿ ನಿಂತು ಕಾವು ಮುಂದೆ ಸಾಗುತ್ತದೆ. ಎಲುಬಿನ ನಡುವಿನ ಗಟ್ಟಿ ನಾರು ಕರಗಿ ಲೋಳೆಯಾಗಲು ಒಳಗಿನ ಕಾವು 90 ದಾಟಬೇಕು. ಇಷ್ಟಾಗಿಯೂ ಗಡಿಯಾರಕ್ಕಿಂತ ಇಕ್ಕಳವೇ ವಾಸಿ: ಹಲಗೆಯ ಮೂರನೇ ಒಂದು ಭಾಗ ಹಿಡಿದು ಎತ್ತಿ; ತುದಿ ಜೋತುಬಿದ್ದು ಮೇಲ್ಮೈ ಬಿರುಕು ಬಿಟ್ಟರೆ ಆಯಿತು. ಸಾಸ್ ಹಚ್ಚುವುದಿದ್ದರೆ ಕೊನೆಯ 20 ನಿಮಿಷದಲ್ಲಿ, ಮೊದಲೇ ಹಚ್ಚಿದರೆ ಸಕ್ಕರೆ ಕರಕಲಾಗುತ್ತದೆ.

ಪ್ರಶ್ನೆ: ಕತ್ತರಿಸಿದರೆ ಅಂಚಿನಲ್ಲಿ ಗುಲಾಬಿ ಬಣ್ಣ. ಹಸಿಯೇ?
– ಮಂಗಳೂರಿನ ಓದುಗರು

ಉತ್ತರ: ಅಲ್ಲ. ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಮಾಂಸದ ಕೆಂಪು ಪ್ರೋಟೀನಿಗೆ ಅಂಟಿಕೊಂಡು ಬಣ್ಣವನ್ನು ಹಿಡಿದಿಡುತ್ತವೆ. ಬೆಂದಿದೆಯೋ ಎಂಬುದನ್ನು ಥರ್ಮಾಮೀಟರಿನಲ್ಲಿ ನೋಡಿ, ಬಣ್ಣದಲ್ಲಲ್ಲ.

ಪ್ರಶ್ನೆ: ಫ್ಲ್ಯಾಟಿನ ಅಡುಗೆಮನೆಯಲ್ಲಿ ಇದ್ದಿಲು ಹಾಕಿ ಮಾಡಬಹುದೇ?
– ಮೈಸೂರಿನ ಓದುಗರು

ಉತ್ತರ: ಖಂಡಿತ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಮುಚ್ಚಿದ ಬಾಲ್ಕನಿಗೂ ಇದೇ ಮಾತು. ಓವನ್‌ನಲ್ಲಿ ಫಾಯಿಲ್ ಮುಚ್ಚಿ 135 ಡಿಗ್ರಿಯಲ್ಲಿ ಎರಡೂವರೆ ಮೂರು ಗಂಟೆ, ಆಮೇಲೆ ಬಿಚ್ಚಿ ಅರ್ಧ ಗಂಟೆ ಬೇಯಿಸಿ. ಹೊಗೆಯ ರುಚಿ ಬೇಕಿದ್ದರೆ ಮಸಾಲೆಗೆ ಹೊಗೆಯಾಡಿಸಿದ ಪ್ಯಾಪ್ರಿಕಾ ಒಂದು ಚಮಚ ಸೇರಿಸಿ. ಬೆಂಕಿಯ ರಿಬ್ಸ್‌ಗೆ ಸಮ ಅಲ್ಲ, ಊಟಕ್ಕೆ ಮೋಸವಿಲ್ಲ.

ಪ್ರಶ್ನೆ: ಒಲೆಯ ಮೇಲೆ ಕಟ್ಟಿ ಒಣಗಿಸಿದ ಮಾಂಸ ಬಹಳ ದಿನ ಇರುತ್ತದಲ್ಲ, ಇದನ್ನೂ ಹಾಗೆ ಇಡಬಹುದೇ?
– ವಿರಾಜಪೇಟೆಯ ಓದುಗರು

ಉತ್ತರ: ಇಡಬಾರದು. ಅದು ಉಪ್ಪು ಹಿಡಿದು, ದಿನಗಟ್ಟಲೆ ಕಾವಿನಲ್ಲಿ ನೀರು ಆರಿದ ಮಾಂಸ. ಇದರಲ್ಲಿ ನೀರು ಹಾಗೇ ಇದೆ, ಹೊಗೆ ಬರೀ ರುಚಿಗೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಮತ್ತೆ ಬಿಸಿಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ಫಾಯಿಲ್ ಸುತ್ತಿ, ಓವನ್‌ನಲ್ಲಿ 120 ಡಿಗ್ರಿಗೆ ಅರ್ಧ ಗಂಟೆ ಇಡಿ.