ಗೇಮ್ ಕನ್ಸೋಲ್‌ಗೆ ತಿಂಗಳ ಚಂದಾ ಇಟ್ಟರೆ ಕಂಪನಿಗೆ ನಿಜಕ್ಕೂ ಗಿಟ್ಟುತ್ತದೆಯಾ?

ಗಿಟ್ಟುತ್ತದೆ, ಆದರೆ ಹಳೆಯ ಗೇಮ್‌ಗಳಿಂದ. ಹೊಸ ದೊಡ್ಡ ಗೇಮನ್ನು ಬಿಡುಗಡೆಯ ದಿನವೇ ಚಂದಾದಲ್ಲಿ ಕೊಟ್ಟರೆ ಲೆಕ್ಕ ಕೂಡಿಬರುವುದು ಕಷ್ಟ.

ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ, ಮಾರಿ ಕಂಪನಿಗೆ ಸಿಗುವುದು ಕಡಿಮೆ. ತಮ್ಮ ಎಕ್ಸ್‌ಬಾಕ್ಸ್ ಪೆಟ್ಟಿಗೆಯ ಮಾರಾಟದಲ್ಲಿ ಲಾಭವೇ ಬಂದಿಲ್ಲ ಎಂದು ಮೈಕ್ರೋಸಾಫ್ಟ್‌ನವರೇ 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಹೇಳಿದ್ದರು. ದುಡ್ಡು ಬರುವುದು ಆಮೇಲೆ, ಗೇಮ್‌ಗಳಿಂದ. ಆದರೆ ನಮ್ಮ ಕಾರವಾರದಲ್ಲಿ ಒಂದು ಡಿಸ್ಕ್ ಕೋಡಿಬಾಗದಿಂದ ಬೈತಖೋಲದವರೆಗೆ ನಾಲ್ಕೈದು ಮನೆ ಸುತ್ತುತ್ತದೆ, ಅಲ್ವಾ? ಕಂಪನಿಗೆ ಸಿಕ್ಕಿದ್ದು ಮೊದಲ ಸಲದ ದುಡ್ಡಷ್ಟೇ.

ಚಂದಾ ಇದ್ದರೆ ಪ್ರತಿ ಮನೆಯಿಂದಲೂ ತಿಂಗಳು ತಿಂಗಳು ಬರುತ್ತದೆ. ಶಿರಸಿ ಕಡೆಯವರಿಗೆ ಇದು ಬೇಗ ಹೊಳೆಯುತ್ತದೆ: ಅಡಿಕೆ ದುಡ್ಡು ಬೆಳೆ ಮಾರಿದಾಗ, ಹಾಲಿನ ದುಡ್ಡು ವರ್ಷವಿಡೀ.

ತೊಡಕು ಇಲ್ಲಿದೆ. ಅಮೆರಿಕದಲ್ಲಿ 70 ಡಾಲರ್ ಬೆಲೆಯ ಗೇಮನ್ನು ಚಂದಾದಾರ ಒಂದೇ ತಿಂಗಳಲ್ಲಿ ಆಡಿ ಮುಗಿಸಿ ಚಂದಾ ನಿಲ್ಲಿಸಬಹುದು. ಆ ಗೇಮ್ ಮಾಡಲು ಹಾಕಿದ ಕೋಟಿಗಟ್ಟಲೆ ಹಣ ಎಲ್ಲಿಂದ ಹುಟ್ಟಬೇಕು? ಹೊಸ ಗೇಮ್‌ಗಳನ್ನು ಮೊದಲ ದಿನವೇ ಕೊಡುವ ಮೈಕ್ರೋಸಾಫ್ಟ್‌ನ ಚಂದಾ ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ಅಲ್ಲಿ ತಿಂಗಳಿಗೆ 20 ಡಾಲರ್ ಇದ್ದದ್ದು 30ಕ್ಕೆ ಏರಿತು. ಪ್ಲೇಸ್ಟೇಷನ್ ಕನ್ಸೋಲ್ ಮಾಡುವ ಸೋನಿ ತನ್ನ ದೊಡ್ಡ ಗೇಮ್‌ಗಳನ್ನು ಸಾಮಾನ್ಯವಾಗಿ ಮೊದಲು ಪೂರ್ತಿ ಬೆಲೆಗೆ ಮಾರುತ್ತದೆ, ಎಷ್ಟೋ ಸಮಯದ ನಂತರ ಪ್ಲೇಸ್ಟೇಷನ್ ಪ್ಲಸ್ ಚಂದಾಕ್ಕೆ ಸೇರಿಸುತ್ತದೆ. ನನಗೆ ಇದೇ ಜಾಣತನದ ದಾರಿ ಅನಿಸುತ್ತದೆ. ಕೊಳ್ಳುವವರೆಲ್ಲ ಕೊಂಡಾದ ಗೇಮ್‌ಗೆ ಆಮೇಲೆ ಬರುವುದೆಲ್ಲ ಜಾಸ್ತಿ ಆದಾಯವೇ.