ಓದುಗರ ಪ್ರಶ್ನೆ: ಚಾಲಕನಿಗೆ ಕೇಳಿಸದ ಸದ್ದು ಪ್ರಯಾಣಿಕರಿಗೆ ಕೇಳಿಸುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಬಹುಕಾಲ ಡೀಸೆಲ್ ಜೀಪ್ ಇತ್ತು. ಈಗ ಮಗ ಎಲೆಕ್ಟ್ರಿಕ್ ಕಾರು ಕೊಂಡಿದ್ದಾನೆ. ಶಿವಮೊಗ್ಗದಿಂದ ಊರಿಗೆ ಬರುವಾಗ ಹಿಂದಿನ ಸೀಟಿನಲ್ಲಿ ಕುಳಿತ ನನಗೆ ಟೈರಿನ ಗುಂಯ್ ಎನ್ನುವ ಸದ್ದು, ಒಂದು ಸಣ್ಣ ಕೀರಲು ದನಿ, ಎಲ್ಲವೂ ಕೇಳಿಸುತ್ತವೆ. ಓಡಿಸುವ ಮಗನಿಗೆ ಮಾತ್ರ ಏನೂ ಕೇಳಿಸುವುದಿಲ್ಲವಂತೆ. ಇದು ನನ್ನ ವಯಸ್ಸಿನ ದೋಷವೇ? ಮುಂದೆ ಚಾಲಕರೇ ಇಲ್ಲದ ಕಾರುಗಳು ಬಂದರೆ ಎಲ್ಲರಿಗೂ ಹೀಗೆಯೇ ಆಗುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ವಯಸ್ಸಿನ ದೋಷ ಖಂಡಿತ ಅಲ್ಲ. ವಯಸ್ಸಾದಂತೆ ಮೊದಲು ಮಂದವಾಗುವುದು ಕೀರಲು ದನಿಗಳ ಗ್ರಹಿಕೆ. ಮೋಟಾರಿನ ಸಣ್ಣ ದನಿ ನಿಮಗೆ ಕೇಳಿಸುತ್ತಿದೆ ಎಂದರೆ ಕಿವಿ ಚೆನ್ನಾಗಿಯೇ ಇದೆ. ಜೀಪಿನಲ್ಲಿಯೂ ಟೈರು ಸದ್ದು ಮಾಡುತ್ತಿತ್ತು, ಗಾಳಿ ಬಡಿಯುತ್ತಿತ್ತು. ಡೀಸೆಲ್ ಎಂಜಿನ್ನಿನ ದಪ್ಪ ಸದ್ದು ಅವನ್ನೆಲ್ಲ ಮುಚ್ಚಿಬಿಡುತ್ತಿತ್ತು. ಜಡಿಮಳೆ ನಿಂತೊಡನೆ ದೂರದ ಹಳ್ಳದ ಮೊರೆತ ಕೇಳಿಸತೊಡಗುವಂತೆ, ಎಂಜಿನ್ ಇಲ್ಲವಾದಾಗ ಮರೆಯಲ್ಲಿದ್ದ ಸದ್ದುಗಳು ಹೊರಬರುತ್ತವೆ. ಮಂಡಗದ್ದೆಯ ಆಸುಪಾಸಿನಲ್ಲಿ ಡಾಂಬರು ಸವೆದು ಜಲ್ಲಿ ಎದ್ದ ಕಡೆ ನೀವು ಕೇಳುವ ಗುಂಯ್ ಸದ್ದಿನಲ್ಲಿ ಟೈರಿನೊಳಗಿನ ಗಾಳಿಯ ಪಾಲೂ ಇರುತ್ತದೆ. ಅದು ಸುಮಾರು 200 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 200 ಬಾರಿ ಕಂಪಿಸುತ್ತ, ಮೊಳಗುತ್ತದೆ. ಹಿಂದಿನ ಚಕ್ರ ನಿಮ್ಮ ಸೀಟಿಗೆ ತೀರ ಹತ್ತಿರವಿರುವುದೂ ಒಂದು ಕಾರಣ.

ಆದರೆ ನಿಮ್ಮ ಮತ್ತು ಮಗನ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಅವರ ಗಮನವೆಲ್ಲ ರಸ್ತೆಯ ಮೇಲಿದೆ. ಕಿವಿಗೆ ಬೀಳುವ ಸದ್ದು ಅವರಿಗೆ ವೇಗದ ಅಂದಾಜು ಕೊಡುವ ಸುಳಿವಾಗಿ ಬಳಕೆಯಾಗಿಬಿಡುತ್ತದೆ. ಸದ್ದು ತಗ್ಗಿಸಿದರೆ ಜನರು ವೇಗವನ್ನು ಇರುವುದಕ್ಕಿಂತ ಕಡಿಮೆ ಎಂದು ಎಣಿಸುತ್ತಾರೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. ನಿಮಗೋ ಆ ಸದ್ದಿನಿಂದ ಯಾವ ಉಪಯೋಗವೂ ಇಲ್ಲ, ಅದರ ಮೇಲೆ ಹಿಡಿತವೂ ಇಲ್ಲ. ಈ ಹಿಡಿತದ ಮಾತು ಬಹಳ ಮುಖ್ಯವಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1960ರ ದಶಕದ ಕೊನೆಯಲ್ಲಿ ಜನರಿಗೆ ಗದ್ದಲವನ್ನು ಕೇಳಿಸಿ, ಕೆಲವರಿಗೆ ಮಾತ್ರ ಬೇಕೆಂದರೆ ಅದನ್ನು ನಿಲ್ಲಿಸಬಹುದಾದ ಗುಂಡಿಯನ್ನು ಕೊಟ್ಟಿದ್ದರು. ಹೆಚ್ಚಿನವರು ಗುಂಡಿಯನ್ನು ಒತ್ತಲೇ ಇಲ್ಲ. ಆದರೂ ಆಮೇಲೆ ಕೊಟ್ಟ ಕೆಲಸಗಳನ್ನು ಉಳಿದವರಿಗಿಂತ ಹೆಚ್ಚು ತಾಳ್ಮೆಯಿಂದ ಮಾಡಿದರು. ಸದ್ದು ಎಲ್ಲರಿಗೂ ಒಂದೇ ಆಗಿತ್ತು, ಅದು ಕೊಟ್ಟ ಬಳಲಿಕೆ ಒಂದೇ ಆಗಿರಲಿಲ್ಲ.

ಚಾಲಕರಿಲ್ಲದ ಕಾರಿನಲ್ಲಿ ಎಲ್ಲರೂ ನಿಮ್ಮ ಸೀಟಿನಲ್ಲಿ ಕುಳಿತಂತೆಯೇ. ಅಮೆರಿಕದ ಫೀನಿಕ್ಸ್ ನಗರದ ಆಸುಪಾಸಿನಲ್ಲಿ ವೇಮೋ ಸಂಸ್ಥೆ 2020ರಲ್ಲಿಯೇ ಇಂಥ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಕುಳಿತವರು ಓದುತ್ತಾರೆ, ಮಾತಾಡುತ್ತಾರೆ, ನಿದ್ದೆ ಮಾಡುತ್ತಾರೆ. ಸ್ಟೇರಿಂಗ್ ಹಿಡಿದವರು ಗಮನಿಸದೆ ಬಿಡುವ ಸದ್ದು ಈ ಕೆಲಸಗಳಿಗೆ ಅಡ್ಡಬರುತ್ತದೆ. ಹಾಗೆಂದು ಕಾರನ್ನು ಪೂರ್ತಿ ನಿಶ್ಶಬ್ದವಾಗಿಸುವುದೇ ಗುರಿಯಾಗಬೇಕೆಂದು ನನಗೆ ಅನ್ನಿಸುವುದಿಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಚಾಲಕರಿಗೆ ವಾಂತಿ ಬರುವುದು ಅಪರೂಪ, ಹಿಂದೆ ಕುಳಿತವರಿಗೆ ಬರುತ್ತದೆ. ತಿರುವು ಯಾವಾಗ ಬರುತ್ತದೆಂದು ಚಾಲಕರ ಮೈಗೆ ಮೊದಲೇ ಗೊತ್ತಿರುತ್ತದೆ. ವಾಹನದ ಚಲನೆಯನ್ನು ತುಸು ಮುಂಚೆ ದನಿಯ ಮೂಲಕ ತಿಳಿಸಿದರೆ ಪ್ರಯಾಣಿಕರ ತಲೆಸುತ್ತು, ಓಕರಿಕೆ ಕಡಿಮೆಯಾಗುವುದನ್ನು ಪ್ರಯೋಗಗಳು ತೋರಿಸಿವೆ. ಇಂಡಿಕೇಟರಿನ ಟಿಕ್ ಟಿಕ್ ಸದ್ದನ್ನೇ ನೋಡಿ. ಹಿಂದೆ ಅದು ದೀಪವನ್ನು ಹೊತ್ತಿಸಿ ಆರಿಸುವ ರಿಲೇ ಎಂಬ ಸ್ವಿಚ್ಚಿನಿಂದ ತಾನಾಗಿ ಬರುತ್ತಿತ್ತು. ಇಂದಿನ ಅನೇಕ ಕಾರುಗಳಲ್ಲಿ ಬೇಕೆಂದೇ ಸ್ಪೀಕರಿನಿಂದ ಕೇಳಿಸುತ್ತಾರೆ. ಕಾರು ಈಗ ತಿರುಗಲಿದೆ, ಈಗ ಬ್ರೇಕ್ ಹಿಡಿಯಲಿದೆ ಎಂದು ಹೇಳುವ ಇಂಥ ಸದ್ದು ಚಾಲಕರಿಲ್ಲದ ಕಾರಿನಲ್ಲಿ ಉಳಿಯಲೇಬೇಕು. ಏತಕ್ಕೆಂದು ಗೊತ್ತಾಗದ ಕೀರಲು ದನಿ ಹೋಗಲಿ.

ಪ್ರಶ್ನೆ: ಕಾರು ಕೊಳ್ಳುವಾಗ ಒಳಗಿನ ಸದ್ದನ್ನು ಮೊಬೈಲಿನ ಡೆಸಿಬೆಲ್ ಆ್ಯಪ್‌ನಲ್ಲಿ ಅಳೆದು ನೋಡಿದರೆ ಸಾಕೇ?
– ಓದುಗರೊಬ್ಬರು, ಸಾಗರ

ಉತ್ತರ: ಸಾಲದು. ಸುಮಾರು 10 ಡೆಸಿಬೆಲ್ ಏರಿದರೆ ಸದ್ದು ಇಮ್ಮಡಿಯಾದಂತೆ ನಮಗೆ ತೋರುತ್ತದೆ ಎಂಬುದು ನಿಜ. ಆದರೆ ನಮ್ಮ ಕಿವಿ 2,000ದಿಂದ 5,000 ಹರ್ಟ್ಸ್ ನಡುವಿನ ದನಿಗಳಿಗೆ ಅತಿ ಸೂಕ್ಷ್ಮವಾದ್ದರಿಂದ, ಒಟ್ಟು ಅಳತೆ ಕಡಿಮೆಯಿದ್ದರೂ ಒಂದೇ ಸಮನೆ ಕೊರೆಯುವ ತೆಳುದನಿ ಹೆಚ್ಚು ಕಾಡಬಹುದು. ಸದ್ದಿಗೆ ಎದುರುಸದ್ದು ಹೊರಡಿಸಿ ಅಡಗಿಸುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಅದು ದಪ್ಪ ಸದ್ದಿಗೆ ಚೆನ್ನಾಗಿ ಒದಗುತ್ತದೆ, ತೆಳುದನಿಗೂ ಛಾವಣಿಯ ಮೇಲಿನ ಮಳೆಗೂ ಅಷ್ಟಾಗಿ ಒದಗುವುದಿಲ್ಲ. ಶೋರೂಮಿನವರು ಓಡಿಸಲಿ, ನೀವು ಹಿಂದೆ ಕುಳಿತುಕೊಳ್ಳಿ. ನುಣ್ಣನೆಯ ಹೆದ್ದಾರಿಯ ಬದಲು ಜಲ್ಲಿ ಎದ್ದ ರಸ್ತೆಯನ್ನು ಕೇಳಿ ಹಿಡಿಸಿ, ಎ.ಸಿ. ಮತ್ತು ಹಾಡನ್ನು ನಿಲ್ಲಿಸಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ಸೀಟಿನವರೊಡನೆ ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಮಾತಾಡಿ ನೋಡಿ. ಗಂಟಲು ಏರಿಸಬೇಕಾಗಿ ಬಂದರೆ ಆ ಕಾರು ನಿಮ್ಮ ಊರಿನ ರಸ್ತೆಗೆ ಹೊಂದುವುದಿಲ್ಲ, ಅಥವಾ ಕಡಿಮೆ ಸದ್ದಿನ ಟೈರುಗಳನ್ನು ಹಾಕಿಸಿಕೊಡಲು ಕೇಳಬೇಕು.